ಮೊದಲು ಮೌಂಟ್ ಬಿಗಿಯಾಗಲಿ

ಬೆಂಗಳೂರಿನ ಕಮ್ಮನಹಳ್ಳಿಯಂಥ ಒತ್ತೊತ್ತಾದ ಬಡಾವಣೆಗೂ ಏರ್ ರೈಫಲ್ ಒಗ್ಗುವ ಆಟ. ಭದ್ರವಾದ ಗೋಡೆ, ಹತ್ತು ಮೀಟರಿಗೆ ಸಾಲುವ ಹಜಾರ ಇದ್ದರೆ ಅಭ್ಯಾಸ ನಡೆಯುತ್ತದೆ. ಆದರೆ ಹೊಡೆತ ಚದುರಿದ ಕೂಡಲೇ ಬೈಗುಳ ಬೀಳುವುದು ಮಕ್ಕಳ ಉಸಿರಿಗೆ, ಭುಜಕ್ಕೆ, ಬೆರಳಿಗೆ. ರೈಫಲ್ ಮೇಲಿನ ರೈಲ್‌ನಲ್ಲಿ ಸ್ಕೋಪ್ ಹಿಡಿದ ಮೌಂಟ್ ಅಲುಗುತ್ತಿದೆಯೇ ಎಂದು ಮೊದಲು ನೋಡಬೇಕು.

ಲೆಕ್ಕ ಸರಳ. ಸ್ಕೋಪ್ ಹಿಡಿದ ಎರಡು ರಿಂಗ್‌ಗಳ ನಡುವೆ 100 ಮಿ.ಮೀ. ಅಂತರವಿರಲಿ. ಒಂದು ತುದಿ 0.1 ಮಿ.ಮೀ. ಪಕ್ಕಕ್ಕೆ ಜರುಗಿದರೆ 10 ಮೀಟರ್ ದೂರದಲ್ಲಿ ಪೆಲೆಟ್ 10 ಮಿ.ಮೀ. ಆಚೆ ಬೀಳುತ್ತದೆ. 10 ಮೀಟರ್ ಏರ್ ರೈಫಲ್ ಟಾರ್ಗೆಟ್‌ನಲ್ಲಿ ವೃತ್ತದಿಂದ ವೃತ್ತಕ್ಕೆ 2.5 ಮಿ.ಮೀ. ಮಾತ್ರ. ನಾಲ್ಕು ಅಂಕ ಹೋಯಿತು. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್‌ಎಸ್‌ಎಫ್) ಪಂದ್ಯಗಳಲ್ಲಿ ರೈಫಲ್‌ಗೆ ಸ್ಕೋಪ್ ಇಲ್ಲ, ನಿಜ. ಆದರೆ ಅಲ್ಲಿನ ಡಯಾಪ್ಟರ್ ಸೈಟ್ (ಸಣ್ಣ ರಂಧ್ರದ ಗುರಿಸಾಧನ) ಕೂರುವುದೂ ಅಂಥದೇ ರೈಲ್ ಮೇಲೆ, ಅಂದರೆ 11 ಮಿ.ಮೀ. ಡವ್‌ಟೇಲ್ ಮೇಲೆ. ಅಲ್ಲಿ ಕೂದಲೆಳೆಯಷ್ಟು ಅಂತರವೂ ಪದಕ ನಿರ್ಧರಿಸುತ್ತದೆ. 2023ರ ಅಕ್ಟೋಬರಿನಲ್ಲಿ ಬೆಂಗಳೂರಿನ ತಿಲೋತ್ತಮಾ ಸೇನ್ ದಕ್ಷಿಣ ಕೊರಿಯಾದ ಚಾಂಗ್‌ವಾನ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನ 10 ಮೀಟರ್ ಏರ್ ರೈಫಲ್‌ನಲ್ಲಿ 252.3 ಅಂಕ ಗಳಿಸಿ ಬೆಳ್ಳಿ ಗೆದ್ದರು. ದೇಶಕ್ಕೆ ಒಲಿಂಪಿಕ್ ಕೋಟಾ ತಂದರು. ಚಿನ್ನ ಗೆದ್ದ ಕೊರಿಯಾದ ಹುಡುಗಿಯದು 252.4. ಆ 0.1 ಅಂಕವೆಂದರೆ ಟಾರ್ಗೆಟ್ ಮೇಲೆ ಸುಮಾರು ಕಾಲು ಮಿಲಿಮೀಟರ್. ಎರಡು ಸೈಟ್‌ಗಳ ನಡುವೆ 800 ಮಿ.ಮೀ. ಇದ್ದರೆ, ಹಿಂದಿನದು 0.02 ಮಿ.ಮೀ. ಸರಿದರೂ ಅಷ್ಟು ಅಂತರ ಬರುತ್ತದೆ. ಈ ಮಟ್ಟದ ಆಟಕ್ಕೆ ಮಕ್ಕಳನ್ನು ಸಿದ್ಧಪಡಿಸುವವರು ಅಲೆನ್ ಕೀ ಹಿಡಿದು ಕೈಯಂದಾಜಿನಲ್ಲಿ ಸ್ಕ್ರೂ ತಿರುಗಿಸಿ ಬಿಡುವುದು ಸಲ್ಲದು.

ಡವ್‌ಟೇಲ್‌ನ ಎಣ್ಣೆಯನ್ನು ಪೂರ್ತಿ ಒರೆಸಬೇಕು. ಸ್ಕ್ರೂಗಳನ್ನು ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪವಾಗಿ, ತಯಾರಕರು ಹೇಳಿದ ಟಾರ್ಕ್‌ಗೆ ಬಿಗಿಯಬೇಕು. ಅತಿ ಬಿಗಿದರೆ ಅಲ್ಯೂಮಿನಿಯಂ ಥ್ರೆಡ್ ಸವೆದು ಹಿಡಿತವೇ ಹೋಗುತ್ತದೆ. ಕಲಿಯುವವರ ಕೈಗೆ ಬರುವ ಸ್ಪ್ರಿಂಗ್ ರೈಫಲ್ ಹೆಚ್ಚು ಕಷ್ಟದ್ದು: ಅದು ಮೊದಲು ಹಿಂದಕ್ಕೆ, ಮರುಕ್ಷಣ ಮುಂದಕ್ಕೆ ಒದೆಯುತ್ತದೆ. ಜರುಗದಂತೆ ತಡೆಯುವ ಸ್ಟಾಪ್ ಪಿನ್ ಇಲ್ಲದ ಮೌಂಟ್ ಆ ಒದೆತಕ್ಕೆ ತೆವಳುತ್ತಲೇ ಇರುತ್ತದೆ. ರೈಲ್‌ಗೂ ಮೌಂಟ್‌ಗೂ ಅಡ್ಡಲಾಗಿ ಬಣ್ಣದ ಒಂದು ಗೆರೆ ಎಳೆದಿಟ್ಟರೆ ಜರುಗಿದ್ದು ಕಣ್ಣಿಗೇ ಕಾಣುತ್ತದೆ.

ಶುಲ್ಕ ಪಡೆಯುವ ಪ್ರತಿಯೊಂದು ರೇಂಜ್ ಒಂದು ಟಾರ್ಕ್ ಸ್ಕ್ರೂಡ್ರೈವರ್ ಇಡಲಿ. ಪ್ರತಿ ರೈಫಲ್‌ಗೆ ಒಂದು ಪುಸ್ತಕ ತೆರೆದು, ಮೌಂಟ್ ಬಿಗಿದ ದಿನಾಂಕವನ್ನೂ ಬಿಗಿದವರ ಹೆಸರನ್ನೂ ಅದರಲ್ಲಿ ಬರೆಯಲಿ.