ನಟ್ಟು ಚಿಕ್ಕದು, ಜಂಬ ದೊಡ್ಡದು

ಭಾನುವಾರ ಮೈದಾನಕ್ಕೆ ರಿಮೋಟ್ ಕಾರು ತರೋ ನಮ್ಮ ಗೆಳೆಯರಿಗೆ ಬ್ರಷ್‌ಲೆಸ್ ಮೋಟರು ಬೇಕು, ಲಿಪೋ ಬ್ಯಾಟರಿ ಬೇಕು. ಚಕ್ರ ಹಿಡಿದಿರುವ ನಟ್ಟಿನ ಚಿಂತೆ ಮಾತ್ರ ಯಾರಿಗೂ ಬೇಡ. ಚಕ್ರ ಕಳಚಿ ಹಾರಿದರೆ, "ಬರೀ ಡಬ್ಬಾ ಮಾಲು ಕಣ್ರೀ" ಅಂತ ಕಂಪನಿಗೆ ಬೈಗುಳ.

ಸ್ವಾಮಿ, 1:10 ಅಳತೆಯ ಬಹುಪಾಲು ಕಾರುಗಳಲ್ಲಿ ಇರೋದಿಷ್ಟೇ: 12 ಮಿ.ಮೀ. ಹೆಕ್ಸ್, ಅದನ್ನು ಆಕ್ಸಲ್‌ಗೆ ಕೂರಿಸುವ ಪಿನ್ನು, ಹೊರಗಿನಿಂದ ಬಿಗಿಯುವ 4 ಮಿ.ಮೀ. ಲಾಕ್ ನಟ್ಟು. ನಟ್ಟು ಸಡಿಲವಾಗದಂತೆ ಹಿಡಿಯೋದು ಅದರೊಳಗಿನ ನೈಲಾನ್ ಬಳೆ. ಬಿಚ್ಚಿ ಹಾಕಿ ಮಾಡಿದಷ್ಟೂ ಅದು ಸವೆಯುತ್ತೆ. ಬೆರಳಲ್ಲೇ ಸಲೀಸಾಗಿ ತಿರುಗಿದರೆ ಆ ನಟ್ಟು ಕಸಕ್ಕೆ. ಆಕ್ಸಲ್ ತುದಿ ಬಳೆ ದಾಟಿ ಇಣುಕದಿದ್ದರೆ ಹೊಸ ನಟ್ಟೂ ದಂಡ. ಥ್ರೆಡ್‌ಲಾಕ್ ಸುರಿಯೋದು ಮದ್ದಲ್ಲ. ಅದು ಲೋಹಕ್ಕೆ ಲೋಹ ಸೇರೋ ಕಡೆಗೆ, ಕೆಲವು ಪ್ಲಾಸ್ಟಿಕ್ಕುಗಳಲ್ಲಿ ಬಿರುಕು ಬಿಡಿಸುತ್ತೆ. ಮೈಬಲವೆಲ್ಲ ಹಾಕಿ ಬಿಗಿದರೆ ರಿಮ್ಮೇ ಸೀಳಬಹುದು.

ಬರೀ ಆಟಿಕೆ ಅಂತೀರಾ? ಗಂಟೆಗೆ 50 ಕಿ.ಮೀ. ಓಡೋ ಗಾಡಿ ಸೆಕೆಂಡಿಗೆ ಸುಮಾರು 14 ಮೀಟರ್ ದಾಟುತ್ತೆ. ಮುಂದಿನ ಚಕ್ರ ಹೋದ ಮೇಲೆ ಅದು ನಿಮ್ಮ ಮಾತು ಕೇಳಲ್ಲ. ಅದೇ ಮೈದಾನದಲ್ಲಿ ಯಾರದೋ ಮಗು ಆಡ್ತಿರುತ್ತೆ. ನಾನು ಕೇಳೋದಿಷ್ಟೇ: ಮೋಟರಿಗೆ ಸಾವಿರಾರು ಸುರಿಯುವವರು ನಾಲ್ಕು ನಟ್ಟು, ಒಂದು 7 ಮಿ.ಮೀ. ಸ್ಪ್ಯಾನರ್‌ಗೆ ಜಿಪುಣರಾಗಬೇಡಿ. ಪ್ರತಿ ಸಲ ಓಡಿಸುವ ಮುಂಚೆ ನಾಲ್ಕೂ ಚಕ್ರ ಅಲುಗಾಡಿಸಿ ನೋಡಿ. ಅಷ್ಟಕ್ಕೂ ಪುರಸೊತ್ತಿಲ್ಲದವರು ಕಾರನ್ನು ಶೋಕೇಸಿನಲ್ಲಿಡಿ.