ಹಳೇ ಕೈಗೆ ಹೊಸ ಭಾಷೆ

ಮಕ್ಕಳಿಗಾಗಿ ಸಾಫ್ಟ್‌ವೇರ್ ಕೆಲಸ ಬಿಟ್ಟವರು ನಮ್ಮಲ್ಲಿ ಎಷ್ಟೋ ಮಂದಿ. ಮತ್ತೆ ಹೋಗೋಣ ಅಂದ್ರೆ, 'ಸಿ ಪ್ಲಸ್ ಪ್ಲಸ್ ಸಾಲದು, ರಸ್ಟ್ ಕಲೀರಿ' ಅನ್ನೋ ಮಾತು. ಯಾಕೆ?

ತಾನು ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು ಶೇ. 70ರಷ್ಟು ಮೆಮೊರಿ ಬಳಕೆಯ ಎಡವಟ್ಟುಗಳೇ ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. ಇಂಥ ತಪ್ಪಿಗೆ ಆಸ್ಪದ ಕೊಡದ ಭಾಷೆ ಬಳಸಿ ಎಂದು 2024ರಲ್ಲಿ ಅಮೆರಿಕದ ಶ್ವೇತಭವನವೂ ಕರೆ ಕೊಟ್ಟಿತು. 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಅಂಥದ್ದೊಂದು.

ಮೊದಮೊದಲು ಅನುಭವಿಗಳಿಗೂ ಇದು ಕಷ್ಟವೇ. ಪಕ್ಕದ ಮನೆಗೆ ಕೊಟ್ಟ ಪಾತ್ರೆ ನೆನಪಿಸಿಕೊಳ್ಳಿ. ಒಡತಿ ಯಾರು, ಎರವಲು ಪಡೆದವರು ಯಾರು ಅನ್ನೋ ಲೆಕ್ಕವನ್ನು ಹಿಂದೆ ನೀವೇ ಇಡಬೇಕಿತ್ತು. ರಸ್ಟ್‌ನಲ್ಲಿ ಕಂಪೈಲರ್ರೇ ಅದನ್ನು ಪರೀಕ್ಷಿಸುತ್ತೆ. ಲೆಕ್ಕ ತಪ್ಪಿದರೆ ಪ್ರೋಗ್ರಾಂ ಓಡಿಸಲು ಬಿಡೋದೇ ಇಲ್ಲ. ಬೈಗುಳ ಅಂದುಕೊಳ್ಳಬೇಡಿ, ತಪ್ಪೆಲ್ಲಿ ಅಂತ ಅದೇ ತೋರಿಸುತ್ತೆ.

ಶುರು ಹೇಗೆ? ರಸ್ಟ್‌ನ ಅಧಿಕೃತ ಕೈಪಿಡಿ ಇಂಟರ್‌ನೆಟ್‌ನಲ್ಲಿ ಉಚಿತವಾಗಿದೆ. ಹಿಂದೆ ಬರೆದ ಪುಟ್ಟ ಪ್ರೋಗ್ರಾಂ ಒಂದನ್ನು ರಸ್ಟ್‌ನಲ್ಲಿ ಮತ್ತೆ ಬರೆಯಿರಿ. ಹಳೇ ಚಾಳಿ ಬಿಡಲು ಸಮಯ ಬೇಕು, ಅವಸರ ಬೇಡ. ಸಿ ಪ್ಲಸ್ ಪ್ಲಸ್ ಇನ್ನೂ ಎಲ್ಲೆಡೆ ಬಳಕೆಯಲ್ಲಿದೆ. ಈ ನಿಯಮಗಳು ಯಾಕೆ ಬೇಕು ಅನ್ನೋದು ಪೆಟ್ಟು ತಿಂದ ನಿಮಗೇ ಚೆನ್ನಾಗಿ ಗೊತ್ತು. ಕಲಿತದ್ದು ದಂಡವಾಗಿಲ್ಲ.