ಕೋಶದ ಸೂಲಗಿತ್ತಿ: ಅರವತ್ತು ವರ್ಷಗಳ ಸಿಂಹಾವಲೋಕನ

ಲಿಂಗಂಪಲ್ಲಿ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಕನ್ನಡ ಕಿವಿಗೆ ಬೀಳುತ್ತದೆ. ವಾಡಿ, ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಬರುವ ಗಾಡಿಗಳೂ ಬೀದರಿನ ಕಡೆಯಿಂದ ವಿಕಾರಾಬಾದಿಗೆ ಬಂದು ಸೇರುವ ಗಾಡಿಗಳೂ ಹೈದರಾಬಾದಿನ ಒಳಹೊಗುವ ಮುನ್ನ ಇಲ್ಲಿ ನಿಲ್ಲುತ್ತವೆ. ಇಳಿಯುವವರಲ್ಲಿ ಕೂಲಿಗೆ ಬಂದವರಿರುತ್ತಾರೆ, ಕಂಪನಿ ಕೆಲಸದ ಹುಡುಗ ಹುಡುಗಿಯರಿರುತ್ತಾರೆ. ಅವರ ನಡುವೆ ಸ್ಕ್ಯಾನ್ ಫಿಲ್ಮಿನ ದೊಡ್ಡ ಚೀಲವನ್ನು ಎದೆಗವಚಿಕೊಂಡು ಯಾವ ಕಡೆ ಹೋಗಬೇಕೆಂದು ನೋಡುತ್ತ ನಿಂತವರೂ ಇರುತ್ತಾರೆ. ಜೀವರಸಾಯನದ ಪಾಠ ಹೇಳಿ ನಿವೃತ್ತನಾದ ಮೇಲೆ ಇಂಥವರ ಜತೆ ಆಸ್ಪತ್ರೆಗೆ ಹೋಗಿ ಮಾತು ದಾಟಿಸುವುದು ನನ್ನ ಕೆಲಸವಾಗಿದೆ. ಈ ಸಂಪಾದಕೀಯ ಹುಟ್ಟಿದ್ದು ಅಲ್ಲಿಂದ.

ನಿಲ್ದಾಣಕ್ಕೆ ಹೆಚ್ಚು ದೂರವಿಲ್ಲದ ಜಾಗದಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಬಂಡೆಗಲ್ಲುಗಳ ಆವರಣವಿದೆ. ಅದರ ಮುಂದಿನ ರಸ್ತೆಗೆ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರ ಹೆಸರು. ಅವರು ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. ಆ ಆವರಣದ ಪ್ರಯೋಗಾಲಯಗಳಲ್ಲಿ ಸುನಂದಾ ಭಟ್ಟಾಚಾರ್ಯ ಅವರ ತಂಡ ಯೀಸ್ಟ್ ಕೋಶಗಳನ್ನು ಇಟ್ಟುಕೊಂಡು ಎಚ್‌ಎಸ್‌ಪಿ 90 ಎಂಬ ಪ್ರೋಟೀನಿನ ಬೆನ್ನು ಹತ್ತಿದೆ. ಮುರಿದ ಡಿಎನ್‌ಎ ಎಳೆಯನ್ನು ಬೆಸೆಯುವ ಕೆಲಸಕ್ಕೂ ಈ ಪ್ರೋಟೀನು ಬೇಕೇ ಬೇಕು ಎಂದು ಅವರು ತೋರಿಸಿದ್ದಾರೆ. ಗೋಡೆಯ ಒಳಗೆ ಆ ಪ್ರೋಟೀನು, ಗೋಡೆಯ ಹೊರಗೆ ಕ್ಯಾನ್ಸರ್ ರೋಗಿಯ ಸ್ಕ್ಯಾನಿನ ಚೀಲ. ಇವೆರಡರ ನಡುವಿನ ದಾರಿ ಎಷ್ಟು ಸವೆದಿದೆ ಎಂದು ಒಮ್ಮೆ ಹಿಂದಿರುಗಿ ನೋಡಬೇಕೆನಿಸಿತು.

ಈ ಪ್ರೋಟೀನಿನ ಬಳಗದ ಕಥೆ ಶುರುವಾಗುವುದು ಇಟಲಿಯಲ್ಲಿ. ಫೆರುಚ್ಚಿಯೊ ರಿತೊಸ್ಸಾ ಎಂಬ ತರುಣ ವಿಜ್ಞಾನಿ ಹಣ್ಣುನೊಣದ ಮರಿಹುಳುಗಳ ಜೊಲ್ಲುಗ್ರಂಥಿಯ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಯಾರೋ ಇನ್‌ಕ್ಯುಬೇಟರಿನ ಕಾವು ಏರಿಸಿಬಿಟ್ಟಿದ್ದರು. ಅಂದು ವರ್ಣತಂತುವಿನ ಮೇಲೆ ಎಂದೂ ಕಾಣದ ಜಾಗಗಳಲ್ಲಿ ಉಬ್ಬುಗಳು ಎದ್ದಿದ್ದವು. ಸೆಕೆ ತಾಗಿದ ಕೂಡಲೇ ಕೋಶ ಕೆಲವು ಜೀನುಗಳನ್ನು ಎಬ್ಬಿಸುತ್ತದೆ ಎಂಬ ಅರಿವು ಹೀಗೆ ಬಂತು. ಒಂದು ಹೆಸರಾಂತ ಪತ್ರಿಕೆ, ಜೀವಶಾಸ್ತ್ರಕ್ಕೆ ಇದರಿಂದೇನೂ ಇಲ್ಲ ಎಂದು ಲೇಖನವನ್ನು ಹಿಂದಕ್ಕೆ ಕಳಿಸಿತು. ಇನ್ನೊಂದು ಪತ್ರಿಕೆಯಲ್ಲಿ ಅದು 1962ರಲ್ಲಿ ಅಚ್ಚಾಯಿತು.

ಆ ಜೀನುಗಳಿಂದ ಹುಟ್ಟುವ ಪ್ರೋಟೀನುಗಳನ್ನು, ಅಂದರೆ ಹೀಟ್ ಶಾಕ್ ಪ್ರೋಟೀನುಗಳನ್ನು (ಎಚ್‌ಎಸ್‌ಪಿ), ಟಿಸಿಯೆರ್ ಮತ್ತು ಸಂಗಡಿಗರು ಗುರುತಿಸಿದ್ದು 1974ರಲ್ಲಿ. ಅದೇ ವರ್ಷ ಇಲ್ಲಿ ಸರೋಜಿನಿ ನಾಯ್ಡು ಅವರ ‘ಗೋಲ್ಡನ್ ಥ್ರೆಶೋಲ್ಡ್’ ಮನೆಯಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯ ಕಣ್ಣು ಬಿಟ್ಟಿತು. ಆದರೆ ನಮ್ಮ ದೇಶ ಅದಕ್ಕೂ ಮೊದಲೇ ಈ ಹಾದಿಗೆ ಬಂದಿತ್ತು. ಹಣ್ಣುನೊಣದ 93ಡಿ ಎಂಬ ಉಬ್ಬೊಂದನ್ನೇ ಬೆಂಜಮೈಡ್ ಎಂಬ ರಾಸಾಯನಿಕ ಎಬ್ಬಿಸುತ್ತದೆ ಎಂದು ಸುಭಾಷ್ ಲಖೋಟಿಯಾ ಮತ್ತು ಮುಖರ್ಜಿ 1970ರಲ್ಲೇ ಬರೆದಿದ್ದರು. ಮುಂದೆ ಲಖೋಟಿಯಾ ಕಾಶಿಯಲ್ಲಿ ಕುಳಿತು ದಶಕಗಟ್ಟಲೆ ಆ ಉಬ್ಬಿನ ಒಂದೇ ಜೀನಿನ ಬೆನ್ನು ಬಿಡಲಿಲ್ಲ. ಅಂಥ ಹಟ ನನಗೆ ಬಹಳ ಇಷ್ಟ.

ಈ ಪ್ರೋಟೀನುಗಳು ಮಾಡುವುದೇನು? ತರಗತಿಯಲ್ಲಿ ನಾನು ಸೂಲಗಿತ್ತಿಯ ಕೆಲಸ ನೆನಪಿಸುತ್ತಿದ್ದೆ. ಹುಟ್ಟಿದ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ನೀವಿ, ಮೂಗು ತಿದ್ದಿ, ಕೈಕಾಲು ಮಡಿಸಿ ನೆಟ್ಟಗೆ ಮಾಡುವವಳು ಅವಳು. ಕೋಶದಲ್ಲಿ ಹೊಸದಾಗಿ ಹೆಣೆದ ಪ್ರೋಟೀನಿನ ಎಳೆಯೂ ಸರಿಯಾಗಿ ಮಡಿಸಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತದೆ. ಕಾವು, ಹಸಿವು, ಆಮ್ಲಜನಕದ ಕೊರತೆ ಬಂದಾಗ ಎಳೆ ಬಿಚ್ಚಿ ಗಂಟು ಬೀಳುತ್ತದೆ. ಆಗ ಎಚ್‌ಎಸ್‌ಪಿ 70, 90, 27 ಮುಂತಾದವು ಓಡಿ ಬಂದು ಎತ್ತಿಕೊಳ್ಳುತ್ತವೆ. ನಮ್ಮ ಹಬ್ಸಿಗುಡಾದ ಸಿಸಿಎಂಬಿಯಲ್ಲಿ ಬಿ. ರಾಮನ್ ಮತ್ತು ಚ. ಮೋಹನ್ ರಾವ್ 1994ರಲ್ಲಿ ಕಣ್ಣಿನ ಮಸೂರದ ಆಲ್ಫಾ ಕ್ರಿಸ್ಟಲಿನ್ ಇದೇ ಕೆಲಸವನ್ನು ಹೇಗೆ ಮಾಡುತ್ತದೆಂದು ವಿವರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉತ್ಪಲ್ ಟಾಟು, ಮಲೇರಿಯಾ ಪರೋಪಜೀವಿ ಬದುಕುವುದಕ್ಕೂ ಎಚ್‌ಎಸ್‌ಪಿ 90 ಬೇಕೆಂದು ತೋರಿಸಿದರು. ಸೊಳ್ಳೆಯ ತಂಪು ಮೈಯಿಂದ ಜ್ವರದ ನೆತ್ತರಿಗೆ ಬೀಳುವ ಜೀವಿಗೆ ಸೂಲಗಿತ್ತಿ ಇಲ್ಲದೆ ಗತಿಯಿಲ್ಲ. ಗಾಂಧಿ ಕೃಷಿ ವಿಜ್ಞಾನ ಕೇಂದ್ರದವರು ಸಸಿಗಳಿಗೆ ಮೊದಲು ಹದವಾದ ಸೆಕೆ, ಆಮೇಲೆ ಕಡುಸೆಕೆ ತೋರಿಸಿ ಗಟ್ಟಿ ತಳಿ ಆರಿಸುವ ವಿಧಾನ ಕಟ್ಟಿದ್ದೂ ಇದೇ ತಿಳಿವಿನ ಮೇಲೆ.

ಸೂಲಗಿತ್ತಿ ಮನೆ ನೋಡಿ ಬರುವವಳಲ್ಲ. ಕಳ್ಳನ ಮನೆಯಿಂದ ಕರೆ ಬಂದರೂ ಹೋಗುತ್ತಾಳೆ. ಕ್ಯಾನ್ಸರಿನ ಕಷ್ಟ ಇರುವುದು ಇಲ್ಲೇ.

ದೊಡ್ಡಕರುಳಿನ ಒಳಪದರದಲ್ಲಿ ಹುಟ್ಟಿದ ಗಡ್ಡೆ ಹರಡುವ ದಾರಿಯನ್ನು ನೆನೆಯಿರಿ. ಪದರದಿಂದ ಕಳಚಿಕೊಂಡ ಸಾಮಾನ್ಯ ಕೋಶ ತಾನಾಗಿ ಸಾಯುತ್ತದೆ. ನೆಲೆ ತಪ್ಪಿದ ಕೋಶ ಬದುಕಬಾರದು ಎಂಬುದು ದೇಹದ ಕಟ್ಟಳೆ. ಕ್ಯಾನ್ಸರ್ ಕೋಶ ಆ ಕಟ್ಟಳೆ ಮೀರಿ, ಕರುಳಿನ ರಕ್ತವನ್ನು ಲಿವರಿಗೆ ಒಯ್ಯುವ ಪೋರ್ಟಲ್ ರಕ್ತನಾಳದಲ್ಲಿ ತೇಲಿ, ಲಿವರಿನಲ್ಲಿ ಊರಬೇಕು. ದಾರಿಯುದ್ದಕ್ಕೂ ಅದಕ್ಕೆ ಹಸಿವು, ಒತ್ತಡ, ರೋಗನಿರೋಧಕ ಕೋಶಗಳ ದಾಳಿ. ಸಾಯುವ ಸೂಚನೆಯನ್ನು ತಡೆದು ಅದನ್ನು ಬದುಕಿಸುವವರಲ್ಲಿ ಎಚ್‌ಎಸ್‌ಪಿ 27 ಮತ್ತು 70 ಮುಖ್ಯವಾದವು. ಬೆಳವಣಿಗೆಗೆ ಕುಮ್ಮಕ್ಕು ಕೊಡುವ ಕೆಟ್ಟ ಪ್ರೋಟೀನುಗಳನ್ನು ಎಚ್‌ಎಸ್‌ಪಿ 90 ಕೈಬಿಡದೆ ಹಿಡಿದಿರುತ್ತದೆ. 2004ರಲ್ಲಿ ಇನ್ನೊಂದು ಬಗೆಯ ಗಡ್ಡೆಯ ಕೋಶಗಳಲ್ಲಿ ಅದು ಹೊರಗೂ ಬಂದು, ಅಂಗಾಂಶದ ಬೇಲಿ ಕಡಿಯುವ ಕಿಣ್ವವನ್ನು ಚುರುಕುಗೊಳಿಸುವುದು ಕಂಡಿತು. ಈ ಪ್ರೋಟೀನುಗಳನ್ನೆಲ್ಲ ಎಬ್ಬಿಸುವ ಮೇಸ್ತ್ರಿ ಎಚ್‌ಎಸ್‌ಎಫ್ 1. ಕ್ಯಾನ್ಸರಿನಲ್ಲಿ ಈ ಮೇಸ್ತ್ರಿ ಸೆಕೆಗಾಲದ ಪಟ್ಟಿಯನ್ನು ಬಿಟ್ಟು ಬೇರೆಯೇ ಪಟ್ಟಿ ಹಿಡಿದು ದುಡಿಯುತ್ತಾನೆ. ಈ ದುಡಿಮೆ ಜೋರಾಗಿದ್ದ ಸ್ತನ, ಕರುಳು, ಶ್ವಾಸಕೋಶದ ಗಡ್ಡೆಗಳಲ್ಲಿ ರೋಗಿಯ ಗತಿ ಕೆಟ್ಟದ್ದು ಎಂದು ಸೂಸನ್ ಲಿಂಡ್‌ಕ್ವಿಸ್ಟ್ ಅವರ ಗುಂಪು 2012ರಲ್ಲಿ ಬರೆಯಿತು.

ಹಾಗಿದ್ದರೆ ಸೂಲಗಿತ್ತಿಯ ಕೈ ಕಟ್ಟಿದರಾಯಿತಲ್ಲ? ಎಲ್ಲರಿಗೂ ಹಾಗೇ ಅನಿಸಿತ್ತು. ಜೆಲ್ಡನಮೈಸಿನ್ ಎಂಬ ಔಷಧ ಎಚ್‌ಎಸ್‌ಪಿ 90ನ್ನು ಹಿಡಿಯುತ್ತದೆಂದು 1994ರಲ್ಲಿ ತಿಳಿದ ಮೇಲೆ ಅದರ ಸುಧಾರಿತ ತಮ್ಮಂದಿರು ಒಬ್ಬೊಬ್ಬರಾಗಿ ಪರೀಕ್ಷೆಗೆ ಬಂದರು. ನಾನೂ ತರಗತಿಯಲ್ಲಿ ಹುರುಪಿನಿಂದ ಹೇಳಿದ್ದೇನೆ, ಇನ್ನು ಹತ್ತು ವರ್ಷ ಎಂದು. ಎಚ್‌ಎಸ್‌ಪಿ 90ನ್ನೇ ಹಿಡಿಯುವ ಗ್ಯಾನೆಟೆಸ್ಪಿಬ್ ಎಂಬ ಔಷಧವನ್ನು ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ಆಂಡ್ರಿಯಾ ಸರ್ಸೆಕ್ ಮತ್ತು ಸಂಗಡಿಗರು, ಬೇರೆ ಮದ್ದಿಗೆ ಬಗ್ಗದ ಕರುಳಿನ ಕ್ಯಾನ್ಸರ್ ಇದ್ದವರಿಗೆ ಕೊಟ್ಟು ನೋಡಿದರು. 2014ರಲ್ಲಿ ಬಂದ ವರದಿಯ ಪ್ರಕಾರ ಒಬ್ಬರ ಗಡ್ಡೆಯೂ ಕುಗ್ಗಲಿಲ್ಲ. ಮರುವರ್ಷ ಶ್ವಾಸಕೋಶದ ಕ್ಯಾನ್ಸರಿನ ದೊಡ್ಡ ಪರೀಕ್ಷೆಯೂ ಕೈಕೊಟ್ಟಿತು. ಕಾರಣ ಕೋಶದ ಒಳಗೇ ಇತ್ತು: ಎಚ್‌ಎಸ್‌ಪಿ 90ನ್ನು ಕಟ್ಟಿಹಾಕಿದ ಕೂಡಲೇ ಎಚ್‌ಎಸ್‌ಎಫ್ 1 ಎಚ್ಚೆತ್ತು ಎಚ್‌ಎಸ್‌ಪಿ 70 ಮತ್ತು 27ನ್ನು ರಾಶಿರಾಶಿಯಾಗಿ ತಯಾರಿಸುತ್ತದೆ. ಅದೂ ಅಲ್ಲದೆ ಒಳ್ಳೆಯ ಕೋಶಗಳಿಗೂ ಅದೇ ಸೂಲಗಿತ್ತಿ ಬೇಕು. ಈ ಬಗೆಯ ಒಂದು ಔಷಧ, ಪಿಮಿಟೆಸ್ಪಿಬ್, 2022ರಲ್ಲಿ ಜಪಾನಿನಲ್ಲಿ ಮೊದಲ ಒಪ್ಪಿಗೆ ಪಡೆಯಿತು. ಅದು ಜೀರ್ಣಾಂಗದ ಅಪರೂಪದ ಬೇರೊಂದು ಗಡ್ಡೆಗೆ.

ಕಾಯಿಸಿದ ಕೀಮೋದ ಮಾತನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಜನ ಇದನ್ನು ಕೇಳುತ್ತಾರೆ. ರೋಗ ಹೊಟ್ಟೆಯ ಪೊರೆಗೆ ಹಬ್ಬಿದಾಗ ಶಸ್ತ್ರಕ್ರಿಯೆಯಲ್ಲಿ ಗಡ್ಡೆಗಳನ್ನು ಕೆರೆದು ತೆಗೆದು, ಬಿಸಿ ಮದ್ದನ್ನು ಹೊಟ್ಟೆಯೊಳಗೆ ಹರಿಸುವ ಪದ್ಧತಿ ಅದು. ಫ್ರಾನ್ಸಿನಲ್ಲಿ 265 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ 43 ಡಿಗ್ರಿಯ ಆಕ್ಸಲಿಪ್ಲಾಟಿನ್ ಅರ್ಧ ಗಂಟೆ ಹರಿಸಿದರು. ಶಸ್ತ್ರಕ್ರಿಯೆಯಷ್ಟೇ ಆದವರೂ ಬಿಸಿ ಮದ್ದು ಸೇರಿದವರೂ ಹೆಚ್ಚುಕಡಿಮೆ ಒಂದೇ ಕಾಲ, 41 ತಿಂಗಳ ಆಸುಪಾಸು, ಬದುಕಿದರು. ಅದೇ ಕಾವು ಕೋಶದ ರಕ್ಷಕರನ್ನೂ ಎಬ್ಬಿಸುತ್ತದೆ ಎಂಬುದು ಸೋಲಿನ ಕಾರಣಗಳಲ್ಲಿ ಒಂದಿರಬಹುದು. ಅದು ಸಾಬೀತಾದ ಮಾತಲ್ಲ, ನನ್ನ ಊಹೆ. ಆದರೆ ಹೊಲ ಮಾರಿ ಹಣ ಹೊಂದಿಸುವ ಮೊದಲು ಈ ಫಲಿತಾಂಶ ಮನೆಯವರಿಗೆ ಗೊತ್ತಿರಬೇಕು.

ಇಷ್ಟು ಹೊತ್ತು ಸೋಲನ್ನೇ ಎಣಿಸಿದೆ. ಗೆಲುವು ಯಾರೂ ಕಾಯದ ದಿಕ್ಕಿನಿಂದ ಬಂತು.

ಕರುಳಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು ಹದಿನೈದರಲ್ಲಿ ಡಿಎನ್‌ಎಯ ತಪ್ಪು ತಿದ್ದುವ ವ್ಯವಸ್ಥೆಯೇ ಕೆಟ್ಟಿರುತ್ತದೆ. ಒಂದೇ ಅಕ್ಷರ ಮತ್ತೆ ಮತ್ತೆ ಬರುವ ಕಡೆ ಆ ಕೋಶ ಎಣಿಕೆ ತಪ್ಪುತ್ತದೆ. ಎಚ್‌ಎಸ್‌ಪಿ 110 ಎಂಬ ಸೂಲಗಿತ್ತಿಯ ಜೀನಿನಲ್ಲಿ ‘ಟಿ’ ಅಕ್ಷರ ಹದಿನೇಳು ಸಲ ಸಾಲಾಗಿ ಬರುತ್ತದೆ. ಅಲ್ಲಿ ಎಣಿಕೆ ತಪ್ಪಿ ಅಕ್ಷರಗಳು ಉದುರಿದರೆ ಒಂದು ಭಾಗ ಬಿಟ್ಟುಹೋದ ಮೊಂಡು ಪ್ರೋಟೀನು ಹುಟ್ಟುತ್ತದೆ. ಅದು ತಾನೂ ಕೆಲಸ ಮಾಡದು, ಸರಿಯಿರುವ ಎಚ್‌ಎಸ್‌ಪಿ 110ನ್ನೂ ಅಪ್ಪಿ ಹಿಡಿದು ಕೆಲಸ ಕೆಡಿಸುತ್ತದೆ. ಫ್ರಾನ್ಸಿನ ಅಲೆಕ್ಸ್ ಡ್ಯುವಾಲ್ ಮತ್ತು ಕಾರ್ಮೆನ್ ಗಾರಿಡೊ ತಂಡಗಳು 2011ರಲ್ಲಿ ಇದನ್ನು ಕಂಡುಕೊಂಡವು. ಇಂಥ ಕೋಶಗಳು ಕೀಮೋಗೆ ಬೇಗ ಬಗ್ಗುತ್ತವೆ. ತನ್ನ ಕಾವಲನ್ನು ತಾನೇ ಮುರಿದುಕೊಂಡ ಗಡ್ಡೆ! ಅರವತ್ತು ವರ್ಷಗಳ ಈ ಸಾಹಿತ್ಯದಲ್ಲಿ ನನ್ನನ್ನು ಇಷ್ಟು ಅಲುಗಿಸಿದ ಪ್ರಬಂಧ ಬೇರೊಂದಿಲ್ಲ. ನಾವು ಹೊರಗಿನಿಂದ ಕಟ್ಟಲಾಗದ ಕೈಯನ್ನು ರೋಗ ಒಳಗಿನಿಂದ ಕಟ್ಟಿಕೊಂಡಿತ್ತು; ಅದು ಯಾರ ಗಡ್ಡೆಯಲ್ಲಿ ಆಗಿದೆ ಎಂದು ಓದುವುದಷ್ಟೇ ನಮ್ಮ ಪಾಲಿಗೆ ಉಳಿದದ್ದು.

ಆ ಓದಿನ ಬೆಲೆ ಈಗ ಇನ್ನೂ ಏರಿದೆ. ತಿದ್ದುವ ವ್ಯವಸ್ಥೆ ಕೆಟ್ಟ ಗಡ್ಡೆಗಳಲ್ಲಿ ಅಪರಿಚಿತ ಪ್ರೋಟೀನುಗಳು ತುಂಬಿರುವುದರಿಂದ ರೋಗನಿರೋಧಕ ಕೋಶಗಳು ಅವನ್ನು ಬೇಗ ಗುರುತು ಹಿಡಿಯುತ್ತವೆ. ಗ್ಯಾನೆಟೆಸ್ಪಿಬ್‌ನಲ್ಲಿ ಬರಿಗೈಯಾದ ಅದೇ ಸರ್ಸೆಕ್, ಗುದನಾಳದ ಇಂಥ ಕ್ಯಾನ್ಸರ್ ಇದ್ದ 12 ಮಂದಿಗೆ ರೋಗನಿರೋಧಕ ಕೋಶಗಳ ತಡೆ ಬಿಡಿಸುವ ಡೋಸ್ಟಾರ್ಲಿಮ್ಯಾಬ್ ಎಂಬ ಔಷಧ ಕೊಟ್ಟು 2022ರಲ್ಲಿ ವರದಿ ಮಾಡಿದರು. ಶಸ್ತ್ರಕ್ರಿಯೆಯಿಲ್ಲದೆ, ರೇಡಿಯೇಷನ್ ಇಲ್ಲದೆ 12 ಮಂದಿಯಲ್ಲೂ ಗಡ್ಡೆ ಕಾಣದಾಯಿತು. ಆ ಔಷಧದ ಬೆಲೆ ನಮ್ಮ ಬಹುತೇಕ ಮನೆಗಳಿಗೆ ಎಟುಕದು. ಆದರೆ ಯಾರ ಗಡ್ಡೆ ಇಂಥದ್ದು ಎಂದು ತಿಳಿಯುವ ಪರೀಕ್ಷೆ ಹಾಗಲ್ಲ: ಬಯಾಪ್ಸಿಯ ತುಣುಕಿನಲ್ಲಿ ಆ ತಿದ್ದುವ ವ್ಯವಸ್ಥೆಯ ನಾಲ್ಕು ಪ್ರೋಟೀನುಗಳು ಇವೆಯೇ ಇಲ್ಲವೇ ಎಂದು ಬಣ್ಣ ಹಾಕಿ ನೋಡುವುದು. ಅದನ್ನು ಕರುಳಿನ ಕ್ಯಾನ್ಸರ್ ಇರುವ ಪ್ರತಿಯೊಬ್ಬರಿಗೂ ಮಾಡಬೇಕು, ಸರ್ಕಾರದ ಆರೋಗ್ಯ ಯೋಜನೆಗಳು ಅದರ ಖರ್ಚು ಹೊರಬೇಕು ಎಂಬುದು ಈ ಪತ್ರಿಕೆಯ ನಿಲುವು.

ಕಿದ್ವಾಯಿ ಸಂಸ್ಥೆಯ ನೋಂದಣಿ ಕೇಂದ್ರ 1982ರಿಂದ ಬೆಂಗಳೂರಿನ ಕ್ಯಾನ್ಸರುಗಳ ಲೆಕ್ಕ ಇಡುತ್ತಿದೆ. ಪಶ್ಚಿಮದ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಕರುಳಿನ ಕ್ಯಾನ್ಸರ್ ಇಂದಿಗೂ ಕಡಿಮೆ. ಆದರೂ 2022ರ ಅಂದಾಜಿನಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು 70 ಸಾವಿರ ಹೊಸ ರೋಗಿಗಳು. ನಾನು ಕಂಡವರಲ್ಲಿ ನಲವತ್ತು ದಾಟದವರು ಬಹಳ. ತಡವಾಗಿಯೇ ಬರುತ್ತಾರೆ. ಸಂಡಾಸಿನಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ತಿಳಿದು ಮುಲಾಮು ಹಚ್ಚುತ್ತ ತಿಂಗಳುಗಳನ್ನು ಕಳೆದಿರುತ್ತಾರೆ. ಲಿವರಿಗೆ ಹರಡಿದ ಮೇಲೆ ಯಾವ ಸೂಲಗಿತ್ತಿಯ ಶಾಸ್ತ್ರವೂ ಸುಲಭಕ್ಕೆ ನೆರವಿಗೆ ಬಾರದು.

ಹೋದ ಚಳಿಗಾಲದಲ್ಲಿ ಸೇಡಂ ಕಡೆಯ ಅಣ್ಣ ತಮ್ಮ ಇಬ್ಬರು ಬಂದಿದ್ದರು. ರೋಗಿ ತಮ್ಮ, ಮೂವತ್ತಾರರ ಪ್ರಾಯ. ‘ಮೂಲವ್ಯಾಧಿ ಅಂತ ಹೇಳಿದ್ರು ಸರ್, ಒಂದೂವರೆ ವರ್ಷ ಅದರದ್ದೇ ಗುಳಿಗಿ ತಗೊಂಡಾನ’ ಎಂದರು ಅಣ್ಣ. ಬಯಾಪ್ಸಿ ವರದಿಯ ಕೊನೆಯಲ್ಲಿ ನಾನು ಯಾವಾಗಲೂ ಹುಡುಕುವ ಆ ನಾಲ್ಕು ಹೆಸರು ಇರಲಿಲ್ಲ. ಡಾಕ್ಟರನ್ನು ಕೇಳಿ ಅದೇ ತುಣುಕಿನ ಮೇಲೆ ಪರೀಕ್ಷೆ ಮಾಡಿಸಿದೆವು. ನಾಲ್ಕರಲ್ಲಿ ಎರಡು ಕಾಣೆಯಾಗಿದ್ದವು. ಇದು ವಂಶದಲ್ಲಿ ಬರುವ ಬಗೆ ಇರಬಹುದು, ಒಡಹುಟ್ಟಿದವರೂ ಕೊಲೊನೊಸ್ಕೋಪಿ ಮಾಡಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. ಅಣ್ಣ ಸುಮ್ಮನೆ ಕುಳಿತರು. ತಂದೆಯೂ ಹೊಟ್ಟೆನೋವಿನಲ್ಲೇ ತೀರಿಕೊಂಡಿದ್ದರಂತೆ. ಸಂಜೆ ಲಿಂಗಂಪಲ್ಲಿಯ ಪ್ಲಾಟ್‌ಫಾರಂ ಮೇಲೆ ಗಾಡಿ ಕಾಯುತ್ತಿದ್ದಾಗ, ಊರಲ್ಲಿರುವ ತಂಗಿಗೆ ಫೋನ್ ಹಚ್ಚಿ, ‘ಬರೋ ವಾರ ನೀನೂ ನನ್ನ ಕೂಡ ಬರಬೇಕವ್ವಾ’ ಎಂದರು.